ನೀರಿಗೆ ಕೊಡಲಾಗದ ಹಾಳೆಗಳು

ಕೃಷ್ಣಾತೀರದ ತೇಲುಕೇರಿ,
ಕ್ರಿ.ಶ. ೨೩೮೧, ಹದಿಮೂರನೆಯ ತಿಂಗಳ ಐದನೆಯ ದಿನ

ಪೂಜ್ಯ ಹಿರಿಯಜ್ಜಿ ಸಾತವ್ವನವರಿಗೆ, ನಿಮ್ಮ ಹತ್ತನೆಯ ತಲೆಮಾರಿನ ಕುಡಿಯಾದ ಸಂಗನಬಸವನ ನಮಸ್ಕಾರಗಳು.

ಹದಿಮೂರನೆಯ ತಿಂಗಳನ್ನು ಕಂಡು ಬೆರಗಾಗಬೇಡಿ. ಹೊಳೆ ಏರಿ ಇಳಿಯುವ ದಿನಗಳನ್ನು ನಾವು ‘ನೆರೆದಿಂಗಳು’ ಎಂದು ಬೇರೆಯಾಗಿ ಎಣಿಸುತ್ತೇವೆ. ನಿಮ್ಮ ಅಧಿಕಮಾಸದ ದೂರದ ಬಂಧುವೆನ್ನಿ. ಕಿವಿಗೆ ಒಗ್ಗದ ಪದಗಳು ನುಸುಳಿದ್ದರೆ ಮನ್ನಿಸಿ. ಕಾಲದಲ್ಲಿ ಹಿಂದಕ್ಕೆ ಹೋಗಿ ಈ ಕಾಗದ ನಿಮ್ಮ ಕೈಸೇರುವ ಹೊತ್ತಿಗೆ ವಯಸ್ಸಿನಲ್ಲಿ ನೀವಿನ್ನೂ ನನ್ನ ಮೊಮ್ಮಗಳಷ್ಟು ಚಿಕ್ಕವರು, ಸಂಬಂಧದಲ್ಲಿ ಹಿರಿಯಜ್ಜಿ. ಆದ್ದರಿಂದ ಗೌರವವೂ ಮುದ್ದೂ ಕಲೆತು ಬಂದರೆ ಸಹಿಸಿಕೊಳ್ಳಬೇಕು.

ನೆರೆಯಲ್ಲಿ ತಮ್ಮನನ್ನು ಕಳೆದುಕೊಂಡ ನೀವು ಆ ದಿನದ ಬಗ್ಗೆ ತುಟಿ ಬಿಚ್ಚಲಿಲ್ಲವೆಂಬ ಮಾತು ನಮ್ಮ ಮನೆಯಲ್ಲಿ ಈಗಲೂ ಉಳಿದಿದೆ. ಅದಕ್ಕಾಗಿಯೇ ನನ್ನ ಮೊಮ್ಮಗಳು ನಿಂಬೆಕ್ಕನ ಸಂಗತಿಯನ್ನು ತಿಳಿಸುತ್ತಿದ್ದೇನೆ. ನಾವು ತೆಪ್ಪಗಳ ಮೇಲೆ ಮನೆ ಕಟ್ಟಿ ಬಾಳುವವರು. ಹೋದ ನೆರೆಯಲ್ಲಿ ಕೇರಿಯ ಕಟ್ಟುಹಗ್ಗ ಹರಿದು, ನಿಂಬೆಕ್ಕನ ಕೈ ಹಿಡಿದಿದ್ದ ತಂಗಿ ಹೊನ್ನಿ ಹೊಳೆಯ ಪಾಲಾದಳು. ಅಂದಿನಿಂದ ಕೊಡಕ್ಕೆ ನೀರು ಸುರಿಯುವ ಸದ್ದಿಗೂ ನಿಂಬೆಕ್ಕ ನಡುಗುತ್ತಿದ್ದಳು. ತಂಗಿಯ ಹೆಸರನ್ನು ತಾನೂ ಎತ್ತಳು, ಯಾರಾದರೂ ಎತ್ತಿದರೆ ಎದ್ದುಹೋಗುವಳು. ನೀರಿನ ನಡುವೆ ಅವಳು ಉಳಿಯಲಾರಳೆಂದು ದೂರದ ಗುಡ್ಡದೂರಿಗೆ ಕಳುಹಿಸುವ ಮಾತು ನಡೆದಿತ್ತು.

ನಮ್ಮಲ್ಲಿ ಕೇರಿಗೊಂದು ಬರೆಮನೆ ಇರುತ್ತದೆ. ಪೆಟ್ಟು ತಿಂದ ಜೀವ ದಿನಕ್ಕೆ ಒಂದಿಷ್ಟು ಹೊತ್ತು ಕುಳಿತು ಒಳಗಿನದನ್ನು ಬರೆಯುವ ಮನೆ. ಗಾಯ ತೀರ ಹಸಿಯಾಗಿರುವಾಗ ಯಾರನ್ನೂ ಅಲ್ಲಿಗೆ ಕರೆಯುವುದಿಲ್ಲ. ಬರೆದಾದ ಮೇಲೆ, ಒಳಗೆ ಎದ್ದದ್ದು ಭಯವೋ ಸಿಟ್ಟೋ ನಾಚಿಕೆಯೋ ಎಂದು ಗುರುತಿಸಿ, ಉಸಿರು ತಿಳಿಯಾಗುವವರೆಗೆ ಸುಮ್ಮನೆ ಕೂರಬೇಕು. ಬರೆಯುವುದು ಕರಗುಹಾಳೆಯ ಮೇಲೆ. ಜೋಳದ ದಂಟಿನ ತಿರುಳಿನಿಂದ ಮಾಡಿದ ಅದು ಹೊಳೆಗೆ ಬಿಟ್ಟೊಡನೆ ಕರಗುತ್ತದೆ. ಯಾರೂ ಓದುವುದಿಲ್ಲ, ಯಾರೂ ತಿದ್ದುವುದಿಲ್ಲ. ತಪ್ಪು ಕಂಡರೆ ಕೈ ತುರಿಸುವ ನನ್ನಂಥವರಿಗೆ ಆ ಹೊಸ್ತಿಲು ನಿಷಿದ್ಧ.

ನಿಂಬೆಕ್ಕ ಬರೆಯುತ್ತಿದ್ದಳು. ಆದರೆ ಹಾಳೆಯನ್ನು ಹೊಳೆಗೆ ಬಿಟ್ಟು ಬಂದಾಗಲೆಲ್ಲ ಇನ್ನಷ್ಟು ಕುಸಿಯುತ್ತಿದ್ದಳು. ಕೊನೆಗೆ ಹೋಗುವುದನ್ನೇ ಬಿಟ್ಟಳು. ಹಿರಿಯರು ಸೇರಿ ಅವಳಿಗೆ ಶ್ರದ್ಧೆ ಸಾಲದೆಂದಾಗ ಅವಳು ನನ್ನ ಕಡೆ ತಿರುಗಿದಳು: “ಅಜ್ಜಾ, ಹೊಳಿ ಆಕೀನ್ನ ಒಯ್ದೈತಿ. ಬರದದ್ದನ್ನೂ ಅದಕ್ಕ ಕೊಡು ಅಂದ್ರ ಹೆಂಗ ಕೊಡ್ಲಿ? ದಿನಾ ಮತ್ತ ಆಕೀ ಕೈ ಬಿಟ್ಟಂಗ ಆಗ್ತೈತಿ.”

ತಲೆತಲಾಂತರದ ಪದ್ಧತಿಯಲ್ಲಿ ಇಂಥದೊಂದು ಮುಳ್ಳಿದ್ದೀತೆಂದು ನಮಗೆ ಹೊಳೆದೇ ಇರಲಿಲ್ಲ. ಬರೆಮನೆಯನ್ನು ನೋಡಿಕೊಳ್ಳುವ ಸೂಗಮ್ಮ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದಳು: “ಏನ್ರೀ ಹಿರೇರ, ತನಗೇ ಕೊಡಬೇಕಂತ ಹೊಳಿ ಬಂದು ಹೇಳಿತ್ತೇನು? ಮಣ್ಣಿಲ್ಲೇನು ಊರಾಗ?” ಅಷ್ಟಂದವಳು ಮಣ್ಣು ತುಂಬಿದ ದೊಡ್ಡ ಕುಂಡವೊಂದನ್ನು ತಾನೇ ಉರುಳಿಸಿಕೊಂಡು ಬಂದಳು.

ಆಮೇಲೆ ನಿಂಬೆಕ್ಕ ಬರೆದದ್ದನ್ನೆಲ್ಲ ಆ ಮಣ್ಣಿನಲ್ಲಿ ಹೂತು, ಮೇಲೆ ಮೆಂತ್ಯ ಬಿತ್ತಿದಳು. ಏನು ಬರೆದಳೋ ಅರಿಯೆ. ಮೊದಲು ನಡೆದುದನ್ನಷ್ಟೇ ಬರೆಯುತ್ತಿದ್ದವಳು, ಅದೇಕೆ ನಡೆಯಿತು, ತನ್ನ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನೂ ಬರೆಯತೊಡಗಿರುವೆನೆಂದು ಸೂಗಮ್ಮನಿಗೆ ಹೇಳಿದಳಂತೆ. ಭಯ ಹೋಗಿಲ್ಲ. ಬಂದಾಗ ಅದನ್ನು ಗುರುತು ಹಿಡಿಯುತ್ತಾಳೆ, ಹೋಗುವವರೆಗೆ ಕಾಯುತ್ತಾಳೆ.

ನಿನ್ನೆ ಆ ಮೆಂತ್ಯದ ಪಲ್ಯ ಮಾಡಿದ್ದರು. ಒಂದು ತುತ್ತು ಬಾಯಿಗಿಟ್ಟವಳೇ, “ಹೊನ್ನಿ ಇದ್ದಿದ್ರ ಕಹಿ ಐತಿ ಅಂತ ತಾಟು ನನ್ನ ಕಡೆ ತಳ್ಳತಿದ್ಲು ನೋಡ್ರಿ” ಎಂದಳು. ಅವಳು ನಕ್ಕಳು, ಅತ್ತಳು, ಇನ್ನೊಂದಿಷ್ಟು ಪಲ್ಯ ಹಾಕಿಸಿಕೊಂಡಳು. ಗುಡ್ಡದೂರಿನ ಮಾತು ಅಲ್ಲಿಗೆ ನಿಂತಿತು.

ಸಾತವ್ವಜ್ಜಿ, ನಿಮ್ಮ ತಮ್ಮನ ಹೆಸರು ನಮ್ಮವರೆಗೆ ಬಂದಿಲ್ಲ. ಮನಸ್ಸು ಒಪ್ಪಿದ ದಿನ ಕುಳಿತು ಬರೆಯಿರಿ, ಸಾಕೆನಿಸಿದೊಡನೆ ನಿಲ್ಲಿಸಿ. ನಮಗಾಗಿ ಕಾಪಿಡಬೇಡಿ. ಹರಿಯಿರಿ, ಸುಡಿರಿ, ಹೂಳಿರಿ, ನಿಮ್ಮ ಕೈಗೆ ಯಾವುದು ಹಗುರವೋ ಹಾಗೆ. ನಿಮ್ಮ ಮನೆಯವರ ನಡುವೆ ಎಂದಾದರೊಮ್ಮೆ ಆ ಹುಡುಗನ ಹೆಸರು ತಾನಾಗಿ ನಿಮ್ಮ ಬಾಯಿಗೆ ಬರಲಿ. ನಮ್ಮ ಕಿವಿಗೆ ಅದು ಬೀಳದಿದ್ದರೂ ಚಿಂತೆಯಿಲ್ಲ.

ನಿಮ್ಮವನೇ ಆದ,
ಸಂಗನಬಸವ