ಸೊಂಟದಲ್ಲಿ ಹಿಡಿದ ಹೊಲಿಗೆ

ಫೆಬ್ರವರಿ 9, ಭಾನುವಾರ ಮಧ್ಯಾಹ್ನ

ಪುಟ್ಟಿಗೆ ದೊಡ್ಡಣ್ಣ ಬರೆಯುವುದು.

ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಇನ್ನೊಂದು ಕಾಗದ ಬರುತ್ತಿತ್ತು. ನಿನ್ನದು ಬಂದು ಮೂರು ವಾರವಾಯಿತು. ತಡವಾಯಿತು, ತಪ್ಪು ನನ್ನದು. ಇದಕ್ಕಿಂತ ಹೆಚ್ಚು ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಒಂದು ಕಾಗದ ಬರೆಯುವುದೆಂದರೆ ಒಂದು ಲಾರಿ ಇಟ್ಟಿಗೆ ಇಳಿಸಿದ ಹಾಗೆ. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯ ಗೋಡೆ ತೆಳು, ನಾನು ಕೆಮ್ಮಿದರೆ ಆಚೆ ಕೋಣೆಯಿಂದ ನೀರು ತರುತ್ತಾರೆ.

ನೀನು ಕೇಳಿದ್ದಕ್ಕೆ ನೇರವಾಗಿ ಬರುತ್ತೇನೆ. “ಇಪ್ಪತ್ತನೇ ತಾರೀಕು ಗಾಡಿ ಮಾಡಿಕೊಂಡು ಬಂದು ಚಿಕ್ಕಣ್ಣನನ್ನು ನಮ್ಮ ಊರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ಅತ್ತಿಗೆ ಜೊತೆಗೆ ಬರುವುದು ಬೇಡ, ನೀನು ಹೂಂ ಎಂದರೆ ಸಾಕು” ಎಂದು ಬರೆದಿದ್ದೀಯ. ಕಾಯಿಲೆ ಇಷ್ಟು ಬಲಿಯುವ ತನಕ ಆ ಹೆಂಗಸು ಕಣ್ಣು ಮುಚ್ಚಿಕೊಂಡು ಕೂತಿದ್ದಳಾ ಎಂದೂ ಕೇಳಿದ್ದೀಯ. ಅವಳ ಮೇಲೆ ನನಗೂ ಅನುಮಾನ ಇದೆ ಎಂದು ಅದಕ್ಕೆ ಹಿಂದಿನ ಕಾಗದದಲ್ಲಿ ನಾನೇ ಬರೆದಿದ್ದೆ. ಬೆಂಕಿ ಹಚ್ಚಿದವನು ನಾನು, ನೀನು ಗಾಳಿ ಹಾಕಿದೆ, ಅಷ್ಟೇ.

ಮೊದಲು ಅವನ ಸುದ್ದಿ. ಪ್ರಾಸ್ಟೇಟಿನಲ್ಲಿ ಹುಟ್ಟಿದ ಕ್ಯಾನ್ಸರು ಬೆನ್ನುಮೂಳೆಗೂ ಸೊಂಟದ ಮೂಳೆಗೂ ಇಳಿದಿದೆ, ಅದು ನಿನಗೆ ಗೊತ್ತು. ಮೂರು ತಿಂಗಳಿಗೊಮ್ಮೆ ಹೊಟ್ಟೆಗೆ ಚುಚ್ಚುಮದ್ದು, ದಿನಾ ನಾಲ್ಕು ಮಾತ್ರೆ. ಆ ಚುಚ್ಚುಮದ್ದು ಗಂಡಸಿನ ರಸವನ್ನೇ ಒಣಗಿಸುತ್ತದಂತೆ. ಈ ಚಳಿಯಲ್ಲೂ ಇದ್ದಕ್ಕಿದ್ದಂತೆ ಮೈ ಕಾದು, ಬೆವರಿ, ಅಂಗಿ ಕಿತ್ತೆಸೆದು ಕಿಟಕಿ ತೆಗೆಯುತ್ತಾನೆ. ಹತ್ತು ನಿಮಿಷಕ್ಕೆ ಮತ್ತೆ ಕಂಬಳಿ. ಮೂತ್ರಕ್ಕೆ ನಳಿಕೆ ಹಾಕಿದ್ದಾರೆ. ಚೀಲ ಖಾಲಿ ಮಾಡುವುದು, ಎಷ್ಟು ಬಂತೆಂದು ಅಳೆದು ಬರೆದಿಡುವುದು ನನ್ನ ಕೆಲಸ. ಮೊದಲ ದಿನ ಅವನು ಮುಖ ಗೋಡೆಗೆ ತಿರುಗಿಸಿಕೊಂಡಿದ್ದ. ಎರಡನೇ ದಿನ ಬಾಯಿ ಬಂತು.

“ಮೂವತ್ತು ವರ್ಷ ಲಾರಿ ತೂಗಿದ್ದೆಲ್ಲ ಇದಕ್ಕೆ ತರಬೇತಿ ಕಣಣ್ಣ” ಎಂದ.

“ಬಾಯಿ ಮುಚ್ಚು, ಚೆಲ್ಲುತ್ತೆ” ಎಂದೆ.

ಅವನು ನಕ್ಕ. ನಕ್ಕರೆ ಪಕ್ಕೆ ನೋಯುತ್ತದೆ, ಆದರೂ ನಗುತ್ತಾನೆ.

ಈಗ ನನ್ನ ಅನುಮಾನದ ವಿಷಯ. ನನ್ನ ಕೆಲಸ ಎಂಥದೆಂದು ನೀನು ಬಲ್ಲೆ. ತೂಕದ ಕಟ್ಟೆಯ ಮೇಲೆ ಲಾರಿ ಹತ್ತಿದರೆ ನಾನು ಮುಳ್ಳು ನೋಡುವ ಮೊದಲು ಡ್ರೈವರನ ಮುಖ ನೋಡುತ್ತಿದ್ದೆ. ಒಬ್ಬ ಮರಳಿಗೆ ನೀರು ಹೊಡೆದು ತರುತ್ತಿದ್ದ, ಇನ್ನೊಬ್ಬ ಖಾಲಿ ಗಾಡಿ ತೂಗುವಾಗ ಸೀಟಿನ ಕೆಳಗೆ ಕಬ್ಬಿಣ ಇಟ್ಟುಕೊಳ್ಳುತ್ತಿದ್ದ. ತೂಗುವವನ ಕಣ್ಣಿಗೆ ಎಲ್ಲರೂ ಕಳ್ಳರೇ. ಕೆಲಸ ಬಿಟ್ಟು ಆರು ವರ್ಷವಾದರೂ ಆ ಕಣ್ಣು ನನ್ನನ್ನು ಬಿಟ್ಟಿಲ್ಲ.

ನನ್ನ ತಮ್ಮನ ಹೆಂಡತಿ ಆಸ್ಪತ್ರೆಯಲ್ಲಿ ಕೊನೆಗೆ ಒಬ್ಬಳೇ ಡಾಕ್ಟರ ಕೋಣೆಗೆ ಹೋಗುತ್ತಾಳೆ. ಹೊರಗೆ ಬಂದಾಗ ಕೈಯಲ್ಲಿದ್ದ ಚೀಟಿ ಚೀಲದೊಳಗೆ ಹೋಗಿರುತ್ತದೆ. “ಏನಂತೆ?” ಎಂದರೆ “ಅದೇ ಭಾವ, ಇದ್ದಿದ್ದೇ” ಎನ್ನುತ್ತಾಳೆ. ಮನೆಗೆ ಬಂದರೆ ಇನ್ನೊಂದು ಆಟ. ಮಧ್ಯಾಹ್ನ ಊಟವಾಗಿ ಅವನು ಮಲಗಿದ ಮೇಲೆ ಮುಂದೆ ಅವನು ಟೈಲರ್ ಕೆಲಸ ಮಾಡುತ್ತಿದ್ದ ಅಂಗಡಿಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕುತ್ತಾಳೆ, ರೇಡಿಯೋ ಜೋರಾಗಿ ಇಡುತ್ತಾಳೆ. ರೇಡಿಯೋ ಅಡಿಯಲ್ಲಿ ಹೊಲಿಗೆ ಯಂತ್ರದ ಸದ್ದು. ಗಂಡ ಹಾಸಿಗೆಯಲ್ಲಿರುವಾಗ ಇವಳು ಯಾರ ಬಟ್ಟೆ ಹೊಲಿಯುತ್ತಾಳೆ? ಗಿರಾಕಿ ಯಾರೂ ಬಂದದ್ದನ್ನು ನಾನು ನೋಡಿಲ್ಲ. ಬಾಗಿಲು ತಟ್ಟಿದರೆ ಯಂತ್ರ ನಿಲ್ಲುತ್ತದೆ, ರೇಡಿಯೋ ನಿಲ್ಲುವುದಿಲ್ಲ. “ಏನು ಬೇಕಿತ್ತು ಭಾವ?” ಎಂದು ಬಾಗಿಲ ಸಂದಿಯಿಂದ ಅರ್ಧ ಮುಖ.

ಹೋದ ತಿಂಗಳು ಅವಳು ಸ್ನಾನಕ್ಕೆ ಹೋದಾಗ ಚೀಲ ತೆಗೆದು ನೋಡಿದೆ. ನಾಚಿಕೆಯಾಗಲಿಲ್ಲ, ಸುಳ್ಳು ಹೇಳುವುದಿಲ್ಲ. ತೂಕದ ಚೀಟಿಗಳು, ಐದು. ಎಪ್ಪತ್ತೊಂದು, ಅರವತ್ತೆಂಟು, ಅರವತ್ತೈದು, ಅರವತ್ತೆರಡು, ಐವತ್ತೊಂಬತ್ತು. ಪುಟ್ಟಿ, ಲೆಕ್ಕ ಕೂಡಲಿಲ್ಲ. ಏಕೆಂದರೆ ಅದೇ ಬೆಳಿಗ್ಗೆ ಅವನು ಆಸ್ಪತ್ರೆಗೆಂದು ಪ್ಯಾಂಟು ತೊಟ್ಟು ನಿಂತಿದ್ದ. ಸೊಂಟಕ್ಕೆ ಸರಿಯಾಗಿ ಕೂತಿತ್ತು, ಬೆಲ್ಟು ಮಾಮೂಲಿ ತೂತಿನಲ್ಲೇ ಇತ್ತು. ಹನ್ನೆರಡು ಕಿಲೋ ಇಳಿದವನ ಪ್ಯಾಂಟು ಸೊಂಟದ ಮೇಲೆ ನಿಲ್ಲುತ್ತದೆಯೇ? ಒಂದೋ ಆಸ್ಪತ್ರೆಯ ತಕ್ಕಡಿ ಸುಳ್ಳು, ಇಲ್ಲವೇ ಇವಳು ಯಾರದೋ ಚೀಟಿ ತಂದಿದ್ದಾಳೆ. ಏತಕ್ಕೆ ಎಂದು ಮಾತ್ರ ತಿಳಿಯಲಿಲ್ಲ. ನಿನಗೆ ಆ ಕಾಗದ ಬರೆದದ್ದು ಅವತ್ತೇ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಐದು ಕಿಲೋದ ಸಕ್ಕರೆ ಚೀಲವೊಂದನ್ನು, ಸೀಲು ಒಡೆಯದ್ದು, ಕೈಯಲ್ಲಿ ಹಿಡಿದು ಹೋದೆ. ತಕ್ಕಡಿಯ ಮೇಲೆ ನಾನು ಹತ್ತಿ ಇಳಿದೆ, ಆಮೇಲೆ ಚೀಲ ಹಿಡಿದು ಹತ್ತಿದೆ. ನರ್ಸ್ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಅಜ್ಜ, ಇದು ಕಿರಾಣಿ ಅಂಗಡಿ ಅಲ್ಲ.”

“ನಿಮ್ಮ ತಕ್ಕಡಿ ಪರೀಕ್ಷೆ ಮಾಡಿಸಿ ಕೊನೇ ಸಲ ಸರ್ಕಾರಿ ಮುದ್ರೆ ಹಾಕಿಸಿದ್ದು ಯಾವಾಗ?”

“ನಿಮ್ಮ ತೂಕ ನಿಮಗೆ ಇಷ್ಟ ಆಗಲಿಲ್ಲ ಅಂದ್ರೆ ತಕ್ಕಡಿ ಏನು ಮಾಡುತ್ತೆ?”

ಹಿಂದೆ ಸಾಲಿನಲ್ಲಿದ್ದವರೆಲ್ಲ ನಕ್ಕರು. ಆದರೆ ಮುಳ್ಳು ಸರಿಯಾಗಿ ಐದು ಕಿಲೋ ಏರಿತ್ತು. ತಕ್ಕಡಿ ಸುಳ್ಳು ಹೇಳಿರಲಿಲ್ಲ. ಅವತ್ತು ನನ್ನ ಕಣ್ಣೆದುರಿಗೇ ತಮ್ಮ ಹತ್ತಿದ. ಐವತ್ತೇಳು. ಪ್ಯಾಂಟು ಆಗಲೂ ಸೊಂಟಕ್ಕೆ ಸರಿಯಾಗಿತ್ತು.

ಡಾಕ್ಟರ ಕೋಣೆಗೆ ಈ ಸಲ ಅವಳ ಹಿಂದೆಯೇ ನುಗ್ಗಿದೆ. ನಿಮ್ಮ ಊರಿನ ಆಸ್ಪತ್ರೆಯ ವಿಷಯವನ್ನೂ ಕೇಳಿದೆ. ಆಕೆ ಸಣ್ಣ ವಯಸ್ಸಿನವಳು, ಆದರೆ ಮಾತು ಸುತ್ತಿ ಬಳಸಿ ಆಡುವುದಿಲ್ಲ. “ಅಲ್ಲಿ ಹೋದ್ರೂ ಇದೇ ಚುಚ್ಚುಮದ್ದು, ಇದೇ ಮಾತ್ರೆ. ವಾಸಿ ಮಾಡೋಕಾಗಲ್ಲ, ಹಿಡಿದಿಡಬಹುದು. ಆರು ಗಂಟೆ ಗಾಡಿಲಿ ಕೂತ್ರೆ ಆ ಬೆನ್ನು ತಡೆಯಲ್ಲ. ನೋವು ಕಮ್ಮಿ ಇರೋ ಹಾಗೆ, ತಮ್ಮ ಹಾಸಿಗೆಲಿ ಇರಲಿ” ಎಂದಳು. ಎಷ್ಟು ದಿನ ಎಂದು ಕೇಳಿದೆ. “ಆ ಲೆಕ್ಕ ನಂಗೂ ಬರಲ್ಲ ಅಜ್ಜ” ಎಂದಳು. ಹೊರಗೆ ಬರುವಾಗ ನನ್ನ ತಮ್ಮನ ಹೆಂಡತಿ ನನ್ನ ಮುಖ ನೋಡಲಿಲ್ಲ. ಈ ಮಾತನ್ನು ಅವಳು ಪ್ರತಿ ಸಲ ಒಬ್ಬಳೇ ಕೇಳಿ ಬರುತ್ತಿದ್ದಳು.

ಆದರೂ ನನ್ನ ಹುಳ ಸಾಯಲಿಲ್ಲ. ಮರುದಿನ ಮಧ್ಯಾಹ್ನ ರೇಡಿಯೋ ಶುರುವಾದಾಗ ನಾನು ತಟ್ಟಲಿಲ್ಲ. ಹಿತ್ತಿಲಿನಿಂದ ಸುತ್ತಿಕೊಂಡು ಹೋಗಿ ಚಿಲಕ ಹಾಕದ ಅಂಗಡಿಯ ಬೀದಿ ಕಡೆ ಬಾಗಿಲನ್ನು ದೂಡಿದೆ. ಯಂತ್ರದ ಮೇಲೆ ತಮ್ಮನ ಬೂದು ಪ್ಯಾಂಟು ತಲೆಕೆಳಗಾಗಿ ಬಿದ್ದಿತ್ತು. ಹಿಂದಿನ ಹೊಲಿಗೆ ಬಿಚ್ಚಿ, ಸೀಮೆಸುಣ್ಣದಲ್ಲಿ ಹೊಸ ಗೀಟು ಎಳೆದಿದ್ದಳು. ಪಕ್ಕದಲ್ಲಿ ಇನ್ನೆರಡು ಪ್ಯಾಂಟು, ನಾಲ್ಕು ಅಂಗಿ. ಬೆಲ್ಟನ್ನೂ ಬಕಲಿನ ಕಡೆಯಿಂದ ಕತ್ತರಿಸಿ ಮತ್ತೆ ಜೋಡಿಸಿದ್ದಳು. ಹಾಗಾಗಿ ತೂತು ಅದೇ, ಉದ್ದ ಮಾತ್ರ ಕಮ್ಮಿ.

“ಇದೇನು ಮಾಡ್ತಿದ್ದೀಯ?”

“ಕೂಗಬೇಡಿ ಭಾವ, ಎದ್ದುಬಿಡ್ತಾರೆ.”

ನನ್ನ ದನಿ ನಿನಗೆ ಗೊತ್ತಲ್ಲ. ತಗ್ಗಿಸಿ ಕೇಳಿದೆ. ಅವಳು ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದಳು:

“ಇವರು ಮೂವತ್ತೈದು ವರ್ಷ ಜನರ ಸೊಂಟ ಅಳೆದವರು. ಹಳೇ ಗಿರಾಕಿ ಬಂದು ಪ್ಯಾಂಟು ಸಡಿಲ ಆಗಿದೆ, ಎರಡಿಂಚು ಹಿಡಿದುಕೊಡಿ ಅಂದ್ರೆ, ಅವರು ಹೋದ ಮೇಲೆ ‘ಇವರ ಮುಂದಿನ ವರ್ಷದ ಬಟ್ಟೆ ನಾನು ಹೊಲಿಯಲ್ಲ’ ಅನ್ನೋರು. ಒಂದು ಸಲಾನೂ ತಪ್ಪಾಗಿಲ್ಲ ಭಾವ. ಅಂಥವರ ಪ್ಯಾಂಟು ಸೊಂಟದಿಂದ ಜಾರಿದ್ರೆ ಡಾಕ್ಟರ್ ಬಂದು ಹೇಳಬೇಕಾ?”

ನಾನು ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕುಳಿತೆ. ಅವಳು ದಾರ ಪೋಣಿಸಲು ಮೂರು ಸಲ ಒದ್ದಾಡಿದಳು. ಕೊನೆಗೆ ನಾನೇ ಪೋಣಿಸಿಕೊಟ್ಟೆ. ನನ್ನ ಕಣ್ಣು ಇನ್ನೂ ಅಷ್ಟು ಚೆನ್ನಾಗಿದೆ.

ನಿಲ್ಲು, ಮುಗಿದಿಲ್ಲ. ಸಂಜೆ ಅವನ ಮೂತ್ರದ ಚೀಲ ಬದಲಿಸುವಾಗ ನಿನ್ನ ಕಾಗದದ ಸಂಗತಿ ತೆಗೆದೆ. ಪುಟ್ಟಿ ಕರೆದುಕೊಂಡು ಹೋಗುತ್ತಾಳಂತೆ, ಹೋಗುತ್ತೀಯಾ ಎಂದೆ. ಅವನು ಪ್ಯಾಂಟಿನ ಸೊಂಟಪಟ್ಟಿಯನ್ನು ಹೊರಗೆ ಮಗುಚಿ ನನಗೆ ತೋರಿಸಿದ.

“ಇದು ಯಾರ ಹೊಲಿಗೆ ಹೇಳು?”

“ನಂಗೇನು ಗೊತ್ತು? ನಿನ್ನದೇ ಇರಬೇಕು.”

“ನಾನು ದಾರ ಕತ್ತರಿಲಿ ಕತ್ತರಿಸ್ತೀನಿ. ಅವಳು ಹಲ್ಲಲ್ಲಿ ಕಚ್ಚಿ ಕಡೀತಾಳೆ. ಮದುವೆಯಾದ ವರ್ಷದಿಂದ ಬೈತಿದ್ದೀನಿ, ಬಿಟ್ಟಿಲ್ಲ. ನೋಡು, ತುದಿ ಹೆಂಗೆ ಸೀಳಿದೆ.” ಹೊಲಿಗೆಯ ಮೇಲೆ ಉಗುರು ಎಳೆದ. “ಇದು ನಾಲ್ಕನೇ ಸಲ ಹಿಡಿದಿರೋದು. ಹೊಲಿಗೆ ಎಷ್ಟು ಸಣ್ಣಗೆ ಹಾಕಿದ್ದಾಳೆ ಅಂದ್ರೆ ನನ್ನ ಅಂಗಡೀಲಿ ಕೆಲಸಕ್ಕೆ ಇಟ್ಕೊಳ್ತಿದ್ದೆ. ನಂಗೆ ಗೊತ್ತು ಅಂತ ಅವಳಿಗೆ ಹೇಳಬೇಡ, ಕೈ ನಡುಗುತ್ತೆ.”

ನಿಮ್ಮ ಊರಿಗೆ ಹೋಗುವ ಮಾತಿಗೆ ಇಷ್ಟೇ ಅಂದ: “ನನ್ನ ಅಳತೆ ಅವಳ ಹತ್ರ ಇದೆ. ಹೊಸ ಜಾಗಕ್ಕೆ ಹೋದ್ರೆ ಮತ್ತೆ ಮೊದಲಿಂದ ಅಳೀಬೇಕು. ಅಷ್ಟು ಹೊತ್ತು ನಿಲ್ಲೋಕೆ ನನ್ನ ಕೈಲಾಗಲ್ಲ ಅಣ್ಣ.”

ಆದ್ದರಿಂದ ನಾನು ಹೂಂ ಎನ್ನುವುದಿಲ್ಲ. ಗಾಡಿ ಮಾಡಬೇಡ. ಬಸ್ಸಿನಲ್ಲಿ ಬಾ, ಕೈಚೀಲದಲ್ಲಿ ಹದಿನೈದು ದಿನದ ಬಟ್ಟೆ ಇಟ್ಟುಕೊಂಡು ಬಾ. ಅವಳಿಗೆ ನಿದ್ದೆ ಇಲ್ಲ. ಅವನನ್ನು ಮಗ್ಗುಲು ತಿರುಗಿಸಲು ಇಬ್ಬರು ಬೇಕು, ನನ್ನ ಭುಜ ಒಂದು ಪಕ್ಕ ಏಳುವುದಿಲ್ಲ. ಹಾಲು, ಮೊಟ್ಟೆ, ಏನು ಕೊಟ್ಟರೂ ಎರಡು ಚಮಚದ ಮೇಲೆ ಇಳಿಯುವುದಿಲ್ಲ. ನೀನು ಕಥೆ ಹೇಳುತ್ತ ತಿನ್ನಿಸಿದರೆ ಮೂರು ಇಳಿದೀತು. ಚಿಕ್ಕಂದಿನಲ್ಲಿ ಅವನು ನಿನಗೆ ಹಾಗೆ ತಿನ್ನಿಸಿದವನು, ನೆನಪಿರಲಿ. ಕೆಲಸಕ್ಕೆ ರಜೆ ಕೊಡುವುದಿಲ್ಲ ಎಂದರೆ ನಿನ್ನ ಸಾಹೇಬನ ನಂಬರ್ ಕಳಿಸು, ನಾನು ಮಾತಾಡುತ್ತೇನೆ.

ನಿನಗೂ ನಿನ್ನ ಗಂಡನಿಗೂ ಮಕ್ಕಳಿಗೂ ಒಳ್ಳೆಯದಾಗಲಿ. ಮೈ ಗಟ್ಟಿಯಾಗಿರಲಿ, ನಾಲಿಗೆ ಸ್ವಲ್ಪ ಮೆತ್ತಗಾಗಲಿ. ಆ ಎರಡನೆಯದನ್ನು ನನಗೆ ಯಾರೂ ಹರಸಲಿಲ್ಲ, ನಿನಗಾದರೂ ಹತ್ತಲಿ.

ಇತಿ,
ನಿನ್ನ ದೊಡ್ಡಣ್ಣ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಕಾಗದ ಮಡಚಿ, ಕವರಿಗೆ ಹಾಕಿ, ಮತ್ತೆ ತೆಗೆದೆ.

ಆ ಹೆಂಗಸು ಕಣ್ಣು ಮುಚ್ಚಿಕೊಂಡು ಕೂತಿದ್ದಳಾ ಎಂದು ಕೇಳಿದೆಯಲ್ಲ. ಅವಳಿಗೆ ಗೊತ್ತೇ ಇರಲಿಲ್ಲ. ಅವನು ಮೊದಲು ಹೇಳಿದ್ದು ನನಗೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದ. “ಅಣ್ಣ, ಮೂತ್ರ ಸರಿಯಾಗಿ ಹೋಗ್ತಿಲ್ಲ, ಎರಡು ಸಲ ರಕ್ತ ಬಂತು. ಡಾಕ್ಟರ್ ರಕ್ತದ ಪರೀಕ್ಷೆಗೆ ಬರೆದಿದ್ದಾರೆ” ಎಂದು ಚೀಟಿ ತೋರಿಸಿದ. ನಾನು ಓದಲೂ ಇಲ್ಲ. ಬರೆಯುವವನೂ ಪರೀಕ್ಷೆ ಮಾಡುವವನೂ ಒಂದೇ ತಟ್ಟೆಯಲ್ಲಿ ತಿನ್ನುವವರು ಎಂದೆ. ವಯಸ್ಸಾದ ಮೇಲೆ ಎಲ್ಲ ಗಂಡಸರಿಗೂ ಇದು ಇದ್ದದ್ದೇ, ನೀರು ಜಾಸ್ತಿ ಕುಡಿ ಎಂದೆ. ಚೀಟಿಯನ್ನು ಅವನ ಕೈಯಿಂದ ಕಿತ್ತುಕೊಂಡು ನಾಲ್ಕು ತುಂಡು ಮಾಡಿದೆ. ಹೆಂಡತಿಗೆ ಹೇಳಬೇಡ, ಸುಮ್ಮನೆ ಹೆದರಿಕೊಂಡು ಊರೆಲ್ಲ ಸಾರುತ್ತಾಳೆ ಎಂದವನೂ ನಾನೇ. ಅವನು ನನ್ನ ಮಾತು ಮೀರಿದವನಲ್ಲ. ಬೆನ್ನು ಹಿಡಿದು ಅಂಗಡಿಯಲ್ಲಿ ಬೀಳುವ ತನಕ ಬಾಯಿ ಬಿಡಲಿಲ್ಲ.

ಯಾವಾಗಿನಿಂದ ತೊಂದರೆ ಎಂದು ಡಾಕ್ಟರ್ ಕೇಳಿದಾಗ ಅವನು ಆರು ತಿಂಗಳು ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ನೀನು ಅವಳನ್ನು ಬೈದೆ, ಅವಳ ತವರಿನವರು ಅವಳನ್ನು ಬೈದರು, ಅವಳೂ ತನ್ನನ್ನೇ ಬೈದುಕೊಂಡಳು. ಎಲ್ಲವನ್ನೂ ನಾನು ಕೇಳಿಸಿಕೊಂಡೆ. ಅವಳ ಚೀಲ ಹುಡುಕಿದ್ದು, ಅಂಗಡಿಯ ಬಾಗಿಲು ದೂಡಿದ್ದು, ನಿನಗೆ ಚಾಡಿ ಬರೆದದ್ದು, ಎಲ್ಲ ಇದಕ್ಕೇ ಇರಬೇಕು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮುಟ್ಟಿ ನೋಡಿದ್ದು ಅವಳ ಹೆಗಲು.

ಅವಳಿಗೆ ಇನ್ನೂ ಹೇಳಿಲ್ಲ. ನೀನು ಬರುವುದರೊಳಗೆ ಹೇಳುತ್ತೇನೆ. ಹೇಳದಿದ್ದರೆ ಈ ಹಾಳೆಯನ್ನು ಅವಳ ಮುಂದೆ ಓದು, ನಾನೂ ಅಲ್ಲೇ ಕುಳಿತಿರುತ್ತೇನೆ.

ಮನೆಯೊಳಗೆ ಬಂದರೆ ಎಡಗಡೆಯ ಮೊದಲ ಕೋಣೆ ನನ್ನದು. ಬೈಯುವುದಿದ್ದರೆ ನೇರ ಅಲ್ಲಿಗೆ ಬಾ. ಅಡುಗೆಮನೆಗೆ ಹೋದರೆ ಅವಳ ಕೈಯಿಂದ ಪಾತ್ರೆ ತೆಗೆದುಕೊಂಡು, ಮಲಗು ಅಂತ ಕಳಿಸು.