ಕಿವಿಗೆ ಹಿಡಿದ ಮೆಣಸಿನಕಾಯಿ

ಕಾರವಾರ, ೧೪-೧೨-೨೦೦೯

ಅರುಣಾಳ ತಾಯಿಗೆ,

ಮಗಳ ಪುಸ್ತಕಗಳನ್ನು ಅವಳ ಪ್ರಯೋಗಾಲಯದಿಂದ ಪಡೆದುಕೊಂಡೆ. ಅಲ್ಲಿನ ಅವಳ ಗೆಳತಿ ಶಶಿರೇಖಾ, ರಾಣೆಬೆನ್ನೂರಿನವಳು, ಎರಡು ಜಾತಿಯ ಚಿಪ್ಪಿಲ್ಲದ ಕಡಲ ಬಸವನಹುಳುಗಳ ಚಲಚ್ಚಿತ್ರ ತೋರಿಸಿದಳು. ಎರಡೂ ಎಡಬಲಕ್ಕೆ ಬಳುಕಿ ಈಜುತ್ತಿದ್ದವು. “ಈಜು ಒಂದ ಥರಾ ಕಾಣತೈತ್ರಿ ಕಾಕಾ, ಒಳಗ ನರಗಳ ಜೋಡಣಿನ ಬ್ಯಾರೆ,” ಎಂದಳು. ಕಾಲೇಜಿನ ಚರ್ಚೆಗಳಲ್ಲಿ ಸೋಲದ ನಾನು ಇನ್ನೊಮ್ಮೆ ತೋರಿಸೆಂದೆ.

ಬ್ಯಾಡಗಿ ಪೇಟೆಯಲ್ಲಿ ನಾನು ಮೆಣಸಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುವುದು ಬೀಜದ ಸದ್ದಿನಿಂದ ಒಣಗಿದೆಯೇ ಎಂದು ತಿಳಿಯಲು. ಅರುಣಾಳ ಸಾವಿನ ಸೂತಕದಲ್ಲಿ ನೀನೂ ಹಾಗೆ ಮಾಡಿದಾಗ, ಈಗಲೂ ವ್ಯಾಪಾರವೇ ಎಂದು ಗದರಿದೆ. ಚಿಕ್ಕಂದಿನಲ್ಲಿ ಅವಳು ಅದನ್ನೇ ಗಿಲಕಿಯೆಂದು ನಿನ್ನ ಕಿವಿಗೆ ಹಿಡಿಯುತ್ತಿದ್ದುದು ಶಶಿರೇಖಾಳ ಮಾತಿನಿಂದ ಇಂದು ನೆನಪಾಯಿತು. ತಪ್ಪು ನನ್ನದು.

ಮೊಣಕಾಲು ನೋವು ಕಡಿಮೆಯಿದೆ. ಭಾನುವಾರದ ಬಸ್ಸಿಗೆ ಬರುತ್ತೇನೆ. ಒಂದು ಕಾಯಿ ತೆಗೆದಿಡು, ನನಗೂ ಕೇಳಿಸು.

ವಿರೂಪಾಕ್ಷಪ್ಪ