ಓಬಕ್ಕ ಹೇಳದೆ ಬಿಟ್ಟ ಎಲೆ

ಚಿತ್ರದುರ್ಗ
೧೪ ಮಾರ್ಚಿ ೧೯೨೧, ಸೋಮವಾರ

ನನ್ನ ನೀಲಾಂಬಿಕೆಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಗುರುವಾರ ಬಂತು. ಹೆರಿಗೆಯಾದ ಮೇಲೆ ನಿಲ್ಲದ ರಕ್ತಕ್ಕೆ ಸೂಲಗಿತ್ತಿ ಓಬಕ್ಕ ಯಾವ ಎಲೆ ಅರೆದು ಕೊಡುತ್ತಾಳೆಂದು ಕೇಳಿ ಬರೆದು ಕಳಿಸು ಎಂದಿದ್ದೀಯೆ. ಸಂಕ್ರಾಂತಿ ರಜೆಯಲ್ಲಿ ನೀನು ಅವಳಿಂದ ಬರೆದುಕೊಂಡ ಪುಸ್ತಕದಲ್ಲಿ ಆ ಒಂದು ಪುಟ ಖಾಲಿ ಇದೆ. ಅದು ತುಂಬದಿದ್ದರೆ ವಿಶ್ವವಿದ್ಯಾನಿಲಯದ ಸಂಶೋಧನಾ ವೇತನ ನಿಲ್ಲುತ್ತದೆ. ವೇತನ ನಿಂತರೆ ನಿನ್ನ ಬಿ.ಎ. ಕೂಡ ನಿಲ್ಲುತ್ತದೆ, ನನ್ನ ಸಂಬಳಕ್ಕೆ ಮೈಸೂರು ಎಟುಕುವುದಿಲ್ಲ. ಇದನ್ನು ನೀನು ಬರೆದಿರಲಿಲ್ಲ, ನಾನೇ ಲೆಕ್ಕ ಹಾಕಿಕೊಂಡೆ.

ನೀನು ಕಾಗದದ ಜೊತೆ ಇಟ್ಟಿದ್ದ ವೇತನದ ಷರತ್ತುಗಳ ನಕಲನ್ನು ಮೂರು ಸಲ ಓದಿದೆ. ಹದಿನೆಂಟು ವರ್ಷ ಇಂಗ್ಲಿಷ್ ಕಲಿಸಿದವಳು ನಾನು; ಮೂರನೆಯ ವಾಕ್ಯ ನನಗೆ ಅರ್ಥವಾಗದೆ ಇರುವಂಥದ್ದಲ್ಲ. ಕೆಲಸ ಮುಗಿದ ಮೇಲೆ ಪುಸ್ತಕ ಈ ವೇತನಕ್ಕೆ ಹಣ ಕೊಟ್ಟ ದಾನಿಯ ಸ್ವತ್ತು. ದಾನಿ ಬೆಂಗಳೂರಿನ ಔಷಧಿ ವ್ಯಾಪಾರಿ. ನಮ್ಮ ಹೆಣ್ಣುಮಕ್ಕಳ ಶಾಲೆಗೆ ಒಂದು ಸ್ಲೇಟು ಕೊಡದವನಿಗೆ ಬಿ.ಎ. ಹುಡುಗಿಯರ ಸಂಶೋಧನೆಯ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಅಕ್ಕರೆ ಹೇಗೆ ಬಂತು? ನಿನ್ನ ಪ್ರೊಫೆಸರರು ಆ ವಾಕ್ಯ ಓದಿದ್ದಾರೆಯೇ?

ಇನ್ನೊಂದು ವಿಷಯ. ಹೋದ ವಾರ ಹೊಳಲ್ಕೆರೆಯ ಪಂಚಾಕ್ಷರಪ್ಪ ಎಂಬಾತ ಶಾಲೆಯ ಜಗಲಿಯಲ್ಲಿ ಬಂದು ಕುಳಿತಿದ್ದ. ಬೇರು, ನಾರು ಕೊಂಡು ಬೆಂಗಳೂರಿಗೆ ಸಾಗಿಸುವವನಂತೆ. ನಿಮ್ಮ ಮಗಳ ಪುಸ್ತಕ ಮುಗೀತೇನ್ರಿ ಅಮ್ಮಾರೆ, ಎಂದು ಕೇಳಿದ. ಅವನಿಗೆ ಯಾರು ಹೇಳಿದರು? ಒಂದು ರಾತ್ರಿ ನಿನ್ನ ಮೇಲೆಯೇ ಅನುಮಾನಪಟ್ಟೆ. ಆಮೇಲೆ ನನ್ನ ಮೇಲೆ. ನನ್ನ ಕಾಲದಲ್ಲಿ ಯಾರೂ ನನ್ನನ್ನು ಹೀಗೆ ಓದಿಸಲಿಲ್ಲವೆಂಬ ಹೊಟ್ಟೆಕಿಚ್ಚು ಈ ಅನುಮಾನಕ್ಕೆಲ್ಲ ಕಾರಣವಿರಬಹುದೇ? ಇಲ್ಲವೆನ್ನಲು ಧೈರ್ಯವಿಲ್ಲ.

ಆದರೂ ಶನಿವಾರ ಗಾಡಿ ಕಟ್ಟಿಸಿಕೊಂಡು ಹಿರೇಗುಂಟನೂರಿಗೆ ಹೋದೆ. ಎಲೆಯ ಹೆಸರು ಕೇಳಿದ್ದಕ್ಕೆ ಓಬಕ್ಕ ನಕ್ಕಳು. ನಿಮ್ಮ ಮಗಳಿಗೆ ಹೇಳಿದ್ದೆಲ್ಲ ಊರಿಗೇ ಗೊತ್ತಿರೋದು ಕಣ್ರಿ ಅಮ್ಮಾರೆ, ಅಂದಳು. ರಕ್ತ ನಿಲ್ಸೋ ಎಲೆ ಮಾತ್ರ ನನ್ನ ಜೊತೆ ನಿಂತು ಹೊಕ್ಕುಳಬಳ್ಳಿ ಕೊಯ್ದ ಕೈಗೇ ಹೇಳೋದು, ನಮ್ಮತ್ತೆ ನನಗೂ ಹಂಗೇ ಹೇಳಿದ್ದು, ಅಂದಳು. ಬೆಂಗಳೂರಿನ ವ್ಯಾಪಾರಿಯ ವಿಷಯ ಹೇಳಿದೆ. ಹೆಸರು ಗೊತ್ತಾದ್ರೆ ನಿಮ್ಮ ಸಾವ್ಕಾರ ಬಂದು ಬಾಣಂತಿ ಪಕ್ಕ ಕುಂತ್ಕಂತಾನೇನು, ಎಲೆ ಎಷ್ಟು ಹಾಕ್ಬೇಕು ಅನ್ನೋದು ಅವಳ ಮುಖ ನೋಡಿದೋರಿಗೆ ತಿಳೀತೈತೆ, ಒಂದು ಹಿಡಿ ಹೆಚ್ಚಾದ್ರೆ ಜೀವ ಹೋಗ್ತೈತೆ, ಅಂದಳು.

ಹಿಂದಿರುಗಿ ಬಂದೆ. ಪ್ರೊಫೆಸರರಿಗೆ ಸಿಗಲಿಲ್ಲವೆಂದು ಬರೆದು ಕೊಡು. ವೇತನ ಹೋದರೆ ಬೇರೆ ದಾರಿ ನೋಡೋಣ. ಯಾವ ದಾರಿ ಎಂದು ಈಗ ಕೇಳಬೇಡ. ಪಂಚಾಕ್ಷರಪ್ಪ ಹಾಸ್ಟೆಲ್ಲಿಗೆ ಬಂದರೆ ಭೇಟಿ ಮಾಡಬೇಡ.

ನಿನ್ನ ಒಳಿತನ್ನೇ ಬಯಸುವ
ಅಮ್ಮ,
ಸರ್ವಮಂಗಳ

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಹಿಂಜರಿದೆ. ಅಂದು ನಾವು ಮಾತಾಡುತ್ತಿರುವಾಗಲೇ ಕುಂಬಾರರ ಮನೆಯಿಂದ ಕರೆ ಬಂತು. ಕೈನೆರವಿಗೆ ಹೋಗುವ ಓಬಕ್ಕನ ಸೊಸೆ ಊರಲ್ಲಿರಲಿಲ್ಲ, ನಾನೇ ಜೊತೆಗೆ ಹೋದೆ. ಓಬಕ್ಕನ ಎರಡೂ ಕೈ ತಾಯಿಯ ಹೊಟ್ಟೆಯ ಮೇಲಿದ್ದವು, ಬಳ್ಳಿ ಕೊಯ್ಯಲು ಅಲ್ಲಿ ಇನ್ನೊಂದು ಕೈ ಇದ್ದದ್ದು ನನ್ನದೇ. ಹೆಣ್ಣುಕೂಸು, ಚೆನ್ನಾಗಿದೆ. ತಾಯಿಗೆ ರಕ್ತ ಹೋಗತೊಡಗಿದಾಗ ಓಬಕ್ಕ ನನ್ನನ್ನು ಹಿತ್ತಲಿಗೆ ಕರೆದೊಯ್ದು ಆ ಎಲೆ ತೋರಿಸಿದಳು. ಅರೆದವಳು ನಾನು. ತಾಯಿ ಬದುಕಿದಳು.

ಆದ್ದರಿಂದ ಸಿಗಲಿಲ್ಲವೆಂದು ನಿನ್ನಿಂದ ಬರೆಸುವುದು ಸುಳ್ಳಾಗುತ್ತದೆ. ಗೊತ್ತಿರುವವರು ಹೇಳುವುದಿಲ್ಲ ಎಂದು ಬರೆ. ನೀನು ಓದು ಬಿಟ್ಟು ಮನೆಗೆ ಬಂದು ನನ್ನೆದುರು ಅತ್ತರೂ ಆ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಯುಗಾದಿ ಕಳೆದ ಮೇಲೆ ಹಿರೇಗುಂಟನೂರಿನ ಹುಚ್ಚಕ್ಕನ ಮಗಳಿಗೆ ದಿನ ತುಂಬುತ್ತದೆ. ಓಬಕ್ಕ ನಿನ್ನನ್ನೂ ಕರೆದಿದ್ದಾಳೆ. ಬರುವುದಾದರೆ ಪುಸ್ತಕವನ್ನು ಮೈಸೂರಿನಲ್ಲೇ ಬಿಟ್ಟು ಬಾ.